ಹತ್ತು ಸೆಕೆಂಡಿಗೊಂದು ಚಿತ್ರ

ಶಶಿಕಲಾಳ ಕಂಪ್ಯೂಟರ್ ನಿಧಾನವಾಗತೊಡಗಿ ಎಂಟು ತಿಂಗಳಾಗಿತ್ತು. ಮೊದಮೊದಲು ಒಂದು ಫೈಲ್ ತೆರೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲೆ ಹಾಲಿಟ್ಟು ಬರಬಹುದಿತ್ತು. ಈಗ ಹಾಲು ಕಾಸಿ, ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ನೀಲಿ ಬಳೆ ಸುತ್ತುತ್ತಲೇ ಇರುತ್ತಿತ್ತು. ಹನ್ನೊಂದು ವರ್ಷದ ಯಂತ್ರ, ಅದಕ್ಕೂ ವಯಸ್ಸಾಯಿತು ಎಂದುಕೊಂಡು ಅವಳು ಸುಮ್ಮನಿದ್ದಳು. ಆದರೆ ಆ ಮಂಗಳವಾರ ಬೆಳಿಗ್ಗೆ ಸುಮ್ಮನಿರುವ ಹಾಗಿರಲಿಲ್ಲ. ವಿಜಯನಗರದ ಶಾಲೆಯೊಂದರ ಐವತ್ತನೇ ವರ್ಷದ ಸ್ಮರಣ ಸಂಚಿಕೆ, ನೂರ ಎಂಬತ್ತು ಪುಟ, ಸಂಜೆ ನಾಲ್ಕರೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಒಂದು ಪುಟದಿಂದ ಇನ್ನೊಂದಕ್ಕೆ ದಾಟಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಎಂಟೂವರೆಗೆ ಕೂತವಳು ಒಂಬತ್ತೂವರೆಯ ಹೊತ್ತಿಗೆ ಹದಿನೈದೇ ಪುಟ ತಿದ್ದಿದ್ದಳು.

ಅಷ್ಟರಲ್ಲಿ ರಾಜಾಜಿನಗರದ ಪ್ರೆಸ್ಸಿನಿಂದ ಶ್ರೀಶೈಲ ಫೋನ್ ಮಾಡಿದ.

“ಮೇಡಂ, ನಾಲ್ಕಕ್ಕೆ ಮೆಷಿನ್ ಖಾಲಿ ಇಟ್ಟಿದೀನಿ. ಬರ್ಲಿಲ್ಲ ಅಂದ್ರೆ ಬೇರೆ ಕೆಲ್ಸ ಏರಿಸ್ಬಿಡ್ತೀನಿ. ಭಾನುವಾರ ಅವ್ರ ಫಂಕ್ಷನ್ನು, ಆಮೇಲೆ ನನ್ನ ಬೈಬೇಡಿ.”

“ಕಳಿಸ್ತೀನಿ ಶ್ರೀಶೈಲ. ಯಾವತ್ತಾದ್ರೂ ತಪ್ಪಿಸಿದೀನಾ?”

ತಪ್ಪಿಸಿರಲಿಲ್ಲ. ಹದಿನೆಂಟು ವರ್ಷಗಳಿಂದ ಅವಳ ಬದುಕು ನಡೆದದ್ದು ಈ ಅಕ್ಷರ ಜೋಡಿಸುವ ಕೆಲಸದಿಂದಲೇ. ಮದುವೆಯಾಗಿ ಕೆಂಗೇರಿಗೆ ಹೋದವಳು ಮೂರನೇ ವರ್ಷಕ್ಕೆ ಗಂಡನನ್ನು ಬಿಟ್ಟು ಅನ್ನಪೂರ್ಣೇಶ್ವರಿ ನಗರದ ತವರಿಗೆ ವಾಪಸಾಗಿದ್ದಳು. ಅಪ್ಪ ಬೆಟ್ಟಯ್ಯ ಆಗ ಒಂದು ಮಾತೂ ಕೇಳದೆ ನೆಲಮಹಡಿಯ ಎರಡು ಕೋಣೆಗಳನ್ನು ತೆರೆದುಕೊಟ್ಟಿದ್ದ. ಒಂದು ಕಾಲಕ್ಕೆ ಅವರು ರಾಗಿ ಬೆಳೆಯುತ್ತಿದ್ದ ನೆಲದ ಮೇಲೆಯೇ ಈಗ ಮೂರು ಮಹಡಿಯ ಈ ಮನೆ ನಿಂತಿತ್ತು. ಕೆಳಗೆ ತಾಯಿ ಅಕ್ಕಯ್ಯಮ್ಮ ಮತ್ತು ಶಶಿಕಲಾ, ಮೊದಲ ಮಹಡಿಯಲ್ಲಿ ಅಣ್ಣ ನಾಗರಾಜು ಮತ್ತು ಅವನ ಸಂಸಾರ, ಅದರ ಮೇಲೆ ಬಾಡಿಗೆಯವರು. ಇದಲ್ಲದೆ ಹಿಂದಿನ ರಸ್ತೆಯಲ್ಲಿ ಎರಡು ಖಾಲಿ ನಿವೇಶನಗಳೂ ಇದ್ದವು. ಹೋದ ಯುಗಾದಿಯ ಮುಂಚೆ ಬೆಟ್ಟಯ್ಯ ತೀರಿಕೊಂಡ. ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಕೊಳ್ಳಬೇಕೆಂದು ನಾಗರಾಜು ಓಡಾಡತೊಡಗಿದ. ಅದಕ್ಕೆ ತಾಯಿ ಮತ್ತು ತಂಗಿ ತಮ್ಮ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕಿತ್ತು. ಈ ಶುಕ್ರವಾರಕ್ಕೆ ಉಪನೋಂದಣಿ ಕಚೇರಿಯಲ್ಲಿ ಸಮಯ ಗೊತ್ತಾಗಿತ್ತು.

ಇಂಥ ಪತ್ರಗಳು ಶಶಿಕಲಾಳಿಗೆ ಹೊಸವಲ್ಲ. ಮಾಗಡಿ ರಸ್ತೆಯ ವಕೀಲರಿಗಾಗಿ ನೂರಾರು ಹಕ್ಕು ಖುಲಾಸೆ ಪತ್ರಗಳನ್ನು ಅವಳೇ ಟೈಪ್ ಮಾಡಿಕೊಟ್ಟಿದ್ದಳು. ‘ಯಾರ ಬಲವಂತವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ’ ಎಂಬ ಸಾಲು ಅವಳ ಬೆರಳುಗಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ತನ್ನ ಸರದಿ ಬಂದಾಗ ಅವಳಿಗೆ ಅಂಥ ಸಂಕಟವೇನೂ ಆಗಿರಲಿಲ್ಲ. ಅಣ್ಣ ಕಷ್ಟಕಾಲದಲ್ಲಿ ಕೈಬಿಟ್ಟವನಲ್ಲ, ಸಹಿ ಹಾಕಿದರಾಯಿತು ಎಂದುಕೊಂಡಿದ್ದಳು.

ಹತ್ತು ಗಂಟೆಗೆ ನಾಗರಭಾವಿಯ ಸರ್ವಿಸ್ ಅಂಗಡಿಗೆ ಫೋನ್ ಮಾಡಿದಳು. ಹತ್ತೂವರೆಗೆ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಹೆಲ್ಮೆಟ್ ತೆಗೆದು ಒಳಬಂದವಳು ಇಪ್ಪತ್ತಾರರ ಆಸುಪಾಸಿನ ಹುಡುಗಿ. ಹೆಸರು ಕವನಾ, ಮನೆ ಲಗ್ಗೆರೆ. ಬೆನ್ನಿನ ಚೀಲವನ್ನು ಇಳಿಸಿ ಸುತ್ತ ನೋಡಿದಳು. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಕ್ಕಯ್ಯಮ್ಮ ಕನ್ನಡಕ ಸರಿಮಾಡಿಕೊಂಡಳು.

“ನೀನೇನವ್ವಾ ರಿಪೇರಿಯವ್ಳು?”

“ಹೂಂ ಅಜ್ಜಿ.”

“ಸರಿ ಹೋಗು. ಬೇಗ ಮಾಡ್ಕೊಡವ್ವಾ, ಬೆಳಗ್ಗಿಂದ ಒಂದು ತುತ್ತು ತಿಂದಿಲ್ಲ ಅವ್ಳು.”

ಕವನಾ ಯಂತ್ರದ ಪಕ್ಕದ ಹಲಗೆ ಬಿಚ್ಚಿದಳು. ಒಳಗೆ ಬೆರಳು ದಪ್ಪದ ದೂಳು. ಬ್ರಷ್ಷಿನಿಂದ ಗುಡಿಸಿ, ಫ್ಯಾನು ಒರೆಸಿ, ಮತ್ತೆ ಚಾಲೂ ಮಾಡಿ, ಪರದೆಯ ಮೇಲೆ ಏನೇನೋ ಪಟ್ಟಿ ತೆರೆದು ಒಂದೇ ಸಮನೆ ನೋಡತೊಡಗಿದಳು. ಶಶಿಕಲಾ ಗಡಿಯಾರ ನೋಡಿದಳು. ಹನ್ನೊಂದಾಗಿತ್ತು.

“ಎಷ್ಟೊತ್ತು ಹಿಡಿಯತ್ತಮ್ಮ?”

“ಮೇಡಂ, ಡಿಸ್ಕ್ ಹಳೇದಾಗಿದೆ, ಅದು ಸರಿ. ಹೊಸ ಥರದ ಡಿಸ್ಕು, ಎಸ್‌ಎಸ್‌ಡಿ ಅಂತ, ತಂದಿದೀನಿ, ಹಾಕಿದ್ರೆ ಓಡತ್ತೆ. ಆದ್ರೆ ಒಂದ್ ನಿಮಿಷ ಇಲ್ನೋಡಿ.” ಅವಳು ಪರದೆಯ ಮೇಲೆ ಕೆಂಪಾಗಿದ್ದ ಒಂದು ಅಂಕಿಯನ್ನು ತೋರಿಸಿದಳು. “ಈಗ ನೀವು ಯಾವ ಫೈಲೂ ತೆಗ್ದಿಲ್ಲ. ನಾನೂ ಏನೂ ಮಾಡ್ತಿಲ್ಲ. ಆದ್ರೂ ಡಿಸ್ಕು ನೂರಕ್ಕೆ ನೂರು ಬಿಜಿ. ಏನೋ ಒಂದು ಬರೀತಾನೇ ಇದೆ.”

“ವೈರಸ್ಸಾ?”

“ವೈರಸ್ ಆಗಿದ್ರೆ ಚೆನ್ನಾಗಿತ್ತು.” ಕವನಾ ದನಿ ತಗ್ಗಿಸಿ ಬಾಗಿಲ ಕಡೆ ಒಮ್ಮೆ ನೋಡಿದಳು. “ಈ ಪ್ರಿಂಟರ್ ಯಾವಾಗ ತಗೊಂಡ್ರಿ?”

“ಮೇ ತಿಂಗ್ಳಲ್ಲಿ. ನಮ್ಮಣ್ಣ ಕೊಡಿಸ್ದ.”

“ಹಾಕ್ಕೊಟ್ಟೋರು ಯಾರು?”

“ಅಂಗಡಿಯೋರು ಯಾರೋ ಬಂದಿದ್ರು. ಅಣ್ಣನೇ ಕರ್ಕೊಂಡು ಬಂದಿದ್ದ. ಯಾಕೆ?”

ಕವನಾ ಕೀಲಿಗಳನ್ನು ಒತ್ತಿದಳು. ಮಾಮೂಲಾಗಿ ಕಾಣದ ಫೋಲ್ಡರೊಂದು ನಿಧಾನವಾಗಿ ತೆರೆದುಕೊಂಡಿತು. ಅದಕ್ಕೆ ಪ್ರಿಂಟರಿನ ಹೆಸರೇ ಇತ್ತು. ಒಳಗೆ ಸಾಲುಸಾಲಾಗಿ ಸಣ್ಣ ಚಿತ್ರಗಳು. ಕೆಳಗಿನ ಎಣಿಕೆ ಆರು ಲಕ್ಷ ದಾಟಿತ್ತು.

“ಪ್ರಿಂಟರ್ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ಇದು ನಿಮ್ಮ ಸ್ಕ್ರೀನಿನ ಫೋಟೋ ತೆಗ್ಯೋ ಪ್ರೋಗ್ರಾಂ. ಹತ್ತು ಸೆಕೆಂಡಿಗೊಂದು. ನೀವು ಏನ್ ಓದ್ತೀರಿ, ಏನ್ ಬರೀತೀರಿ, ಎಲ್ಲಾ. ಮಷೀನ್ ಸ್ಲೋ ಆಗಿರೋದು ಮುಖ್ಯವಾಗಿ ಇದ್ರಿಂದ್ಲೇ.”

ಶಶಿಕಲಾಳಿಗೆ ಮೊದಲು ಅರ್ಥವಾಗಲಿಲ್ಲ. ಕವನಾ ಒಂದು ಚಿತ್ರ ತೆರೆದಳು. ಯಾರದೋ ಗೃಹಪ್ರವೇಶದ ಆಹ್ವಾನ ಪತ್ರಿಕೆ, ಅರ್ಧ ಟೈಪಾಗಿದ್ದದ್ದು. ಇನ್ನೊಂದು ತೆರೆದಳು. ಶಶಿಕಲಾ ಎಂದೋ ಒಂದು ಮಧ್ಯಾಹ್ನ ಹುಡುಕಿದ್ದ, ರಾಜರಾಜೇಶ್ವರಿನಗರದಲ್ಲಿ ಬಾಡಿಗೆಗಿರುವ ಸಣ್ಣ ಮನೆಗಳ ಪಟ್ಟಿ. ಮೂರನೆಯದು ಒಂದು ಮೇಲ್. ವಕೀಲೆ ಬಸವರಾಜೇಶ್ವರಿಗೆ ಅವಳು ಬರೆದ ಕಾಗದ.

“ತೆಗಿ, ತೆಗಿ ಅದನ್ನ,” ಎಂದು ಶಶಿಕಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಬಾಗಿಲು ತೆರೆದಿಟ್ಟು ಸ್ನಾನ ಮಾಡಿದ್ದು ಎಂಟು ತಿಂಗಳ ಮೇಲೆ ತಿಳಿದಂತಾಗಿತ್ತು. “ಇದು ಎಲ್ಲಿಗೆ ಹೋಗತ್ತೆ?”

ಕವನಾ ಇನ್ನೊಂದು ಫೈಲು ತೆರೆದಳು. ಗಂಟೆಗೊಂದರಂತೆ ಸಾಲುಗಳು. ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ವಿಳಾಸ. ಆ ಇಂಗ್ಲಿಷ್ ಅಕ್ಷರಗಳನ್ನು ಓದುತ್ತಿದ್ದಂತೆ ಶಶಿಕಲಾಳಿಗೆ ಮೊದಲು ಕಂಡದ್ದು ತನ್ನ ತಾಯಿಯ ಹೆಸರು. ಒಂದು ಕ್ಷಣ ನಡುಮನೆಯ ಕಡೆ ತಿರುಗಿ ನೋಡಿಯೂಬಿಟ್ಟಳು. ಆಮೇಲೆ ಉಳಿದ ಅಕ್ಷರಗಳು ಕಾಣಿಸಿದವು. ಅಕ್ಕಯ್ಯಮ್ಮ ಟ್ರೇಡರ್ಸ್. ಮಾಗಡಿ ರಸ್ತೆಯಲ್ಲಿ ನಾಗರಾಜು ಇಟ್ಟಿದ್ದ ಸಿಮೆಂಟು, ಕಬ್ಬಿಣದ ಅಂಗಡಿ.

“ನಮ್ಮಣ್ಣನ ಅಂಗ್ಡಿ,” ಎಂದಳು.

ಒಂದೊಂದೇ ನೆನಪಾಗತೊಡಗಿತು. ಬಾಡಿಗೆ ಮನೆಗಳನ್ನು ನೋಡಿದ ಎರಡು ದಿನಕ್ಕೆ ಅಣ್ಣ ಊಟ ಮಾಡುತ್ತ, “ಆರ್ ಆರ್ ನಗರದ ಕಡೆ ಬೋರ್ ನೀರೆಲ್ಲ ಬತ್ತೋಗಿದ್ಯಂತೆ, ಜನ ಮನೆ ಖಾಲಿ ಮಾಡ್ತಾ ಅವ್ರಂತೆ,” ಎಂದಿದ್ದ. ಸುಮ್ಮನೆ ಆಡಿದ ಮಾತು ಎಂದುಕೊಂಡಿದ್ದಳು. ವಕೀಲೆಗೆ ಬರೆದ ಕಾಗದದಲ್ಲಿ ಅವಳು ಕೇಳಿದ್ದದ್ದು ಒಂದೇ ಒಂದು ಮಾತು: ಹಕ್ಕು ಬಿಟ್ಟುಕೊಟ್ಟರೂ, ತಾನು ಸಾಯುವತನಕ ಈ ಎರಡು ಕೋಣೆಗಳಲ್ಲಿ ಇರಬಹುದು ಎಂಬ ಒಂದು ಸಾಲನ್ನು ಪತ್ರದಲ್ಲಿ ಸೇರಿಸಬಹುದೇ? ಸೇರಿಸಬಹುದು, ಆದರೆ ಸಹಿ ಮಾಡುವ ಮುಂಚೆ ಒಮ್ಮೆ ಬಂದು ಕಾಣಿ ಎಂದು ಬಸವರಾಜೇಶ್ವರಿ ಉತ್ತರ ಬರೆದಿದ್ದಳು. ಅದು ಬಂದದ್ದು ಹೋದ ಗುರುವಾರ. ನೋಂದಣಿಯನ್ನು ಶಿವರಾತ್ರಿ ಕಳೆದ ಮೇಲೆ ಮಾಡೋಣ ಎನ್ನುತ್ತಿದ್ದ ಅಣ್ಣ ಶನಿವಾರ ಬೆಳಿಗ್ಗೆ ಇಳಿದುಬಂದು, “ಈ ಶುಕ್ರವಾರಕ್ಕೇ ಟೈಮ್ ಸಿಕ್ಬಿಡ್ತು ಕಣೇ,” ಎಂದಿದ್ದ. ಭಾನುವಾರ ಪತ್ರದ ಪ್ರತಿ ತಂದುಕೊಟ್ಟಿದ್ದ. ಅದರಲ್ಲಿ ಆ ಸಾಲು ಇರಲಿಲ್ಲ. ಇಲ್ಲದಿರುವುದು ಸಹಜ, ನಾನಿನ್ನೂ ಬಾಯಿಬಿಟ್ಟು ಕೇಳೇ ಇಲ್ಲವಲ್ಲ ಎಂದು ಅವಳು ಧೈರ್ಯ ಕೂಡಿಸಿಕೊಳ್ಳುತ್ತಿದ್ದಳು. ಅವನು ಅದನ್ನು ಆಗಲೇ ಓದಿದ್ದ.

“ಮೇಡಂ,” ಎಂದು ಕವನಾ ಮೊಣಕೈ ಮುಟ್ಟಿದಳು. “ಕೊನೇ ಕಂತೆ ಹೋಗಿರೋದು ಹತ್ತು ಐವತ್ತಕ್ಕೆ. ಮುಂದಿಂದು ಹನ್ನೊಂದು ಐವತ್ತಕ್ಕೆ. ಈಗ ನಾವಿಬ್ರೂ ಇದನ್ನ ತೆಗ್ದು ನೋಡ್ತಿರೋದೂ ಅದ್ರಲ್ಲಿ ಹೋಗತ್ತೆ.”

ಗೋಡೆ ಗಡಿಯಾರದಲ್ಲಿ ಹನ್ನೊಂದು ನಲವತ್ತೆರಡು.

“ನೆಟ್ ಕಿತ್ತಾಕಿದ್ರೆ?”

“ಏನೂ ಹೋಗಲ್ಲ. ಆದ್ರೆ ಕಾಯ್ತಾ ಕೂತಿರೋರಿಗೆ ಬರ್ಲಿಲ್ಲ ಅಂತ ಗೊತ್ತಾಗತ್ತೆ.”

ನೆಟ್ಟಿನ ಪೆಟ್ಟಿಗೆ ಇದ್ದದ್ದು ಮೇಲೆ, ಅಣ್ಣನ ಮನೆಯಲ್ಲಿ. ಇವಳ ಯಂತ್ರಕ್ಕೆ ಸಿಕ್ಕಿಸಿದ್ದ ಬೆರಳುದ್ದದ ಒಂದು ಕಡ್ಡಿಯೇ ಅದನ್ನು ಹಿಡಿಯುತ್ತಿತ್ತು. ಶಶಿಕಲಾ ಬಗ್ಗಿ, ಕೈ ಚಾಚಿ, ಅದನ್ನು ತಾನೇ ಕಿತ್ತಳು.

“ಇದೆಲ್ಲ ಅಳಿಸ್ಬಿಡ್ಲಾ?” ಎಂದು ಕವನಾ ಕೇಳಿದಳು. “ಎರಡು ನಿಮಿಷದ ಕೆಲ್ಸ. ಇಲ್ಲಾ ಹಳೇ ಡಿಸ್ಕನ್ನ ಹಾಗೇ ಬಿಚ್ಚಿ ನಿಮ್ಮ ಕೈಗೇ ಕೊಡ್ತೀನಿ, ಇಟ್ಕೊಳಿ. ಹೊಸಾದಕ್ಕೆ ವಿಂಡೋಸು, ನಿಮ್ಮ ಕನ್ನಡ ಫಾಂಟು ಎಲ್ಲ ಹೊಸದಾಗೇ ಹಾಕ್ತೀನಿ. ಹಳೇದನ್ನ ಹಾಗಾಗೇ ನಕಲು ಮಾಡಿದ್ರೆ ಈ ಕಳ್ಳನೂ ಜೊತೆಗೇ ಬಂದ್ಬಿಡ್ತಾನೆ. ನಿಮ್ಮ ಕೆಲ್ಸದ ಫೈಲುಗಳ್ನ ಮಾತ್ರ ಆರ್ಸಿ ತಗೊಳ್ಳೋಣ.”

“ಅಳಿಸ್ಬೇಡ. ಇರ್ಲಿ. ಮೊದ್ಲು ಸಂಚಿಕೆ ತೆಗಿ.”

ಸಂಚಿಕೆಯ ಫೋಲ್ಡರಿನಲ್ಲಿ ಹಳೆಯ ವಿದ್ಯಾರ್ಥಿಗಳ ಫೋಟೋಗಳೇ ತುಂಬಿದ್ದವು. ಕವನಾ ತನ್ನ ಹೊರಗಿನ ಡಿಸ್ಕ್ ಸಿಕ್ಕಿಸಿ ನಕಲು ಶುರುಮಾಡಿದಳು. ಹಸಿರು ಪಟ್ಟಿ ಕೂದಲೆಳೆಯಷ್ಟಷ್ಟೇ ಮುಂದಕ್ಕೆ ಜರುಗಿತು. ಆರು. ಒಂಬತ್ತು. ಹದಿನಾಲ್ಕು. ನಡುಮನೆಯಲ್ಲಿ ಅವರೆಕಾಳು ಪಾತ್ರೆಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಹನ್ನೊಂದು ಐವತ್ತಾಯಿತು. ಹನ್ನೆರಡಾಯಿತು. ಮೂವತ್ತೊಂದು. ನಲವತ್ತು.

ಹನ್ನೆರಡು ಹದಿನೈದಕ್ಕೆ ಹೊರಗೆ ಬೈಕು ನಿಂತಿತು.

ನಾಗರಾಜು ಅಂಗಡಿ ಬಿಟ್ಟು ಎರಡು ಗಂಟೆಗೆ ಮುಂಚೆ ಮನೆಗೆ ಬಂದವನಲ್ಲ. ಬಂದರೂ ನೇರ ಮೆಟ್ಟಿಲು ಹತ್ತುವವನು. ಅವತ್ತು ಚಪ್ಪಲಿ ಕೂಡ ಬಿಡದೆ ತಂಗಿಯ ಕೋಣೆಯ ಹೊಸ್ತಿಲಿಗೆ ಬಂದು ನಿಂತ. ಅಗಲ ಮೈಯ, ನಲವತ್ತೆಂಟರ ಗಂಡಸು, ಮೀಸೆಯ ಮೇಲೆ ಬೆವರು.

“ಏನಮ್ಮ ಶಶಿ, ನೆಟ್ ಸರಿಯಾಗಿ ಬರ್ತಾ ಇದ್ಯಾ?”

ಶಶಿಕಲಾಳಿಗೆ ಇನ್ನೂ ಎಲ್ಲೋ ಒಂದು ಮೂಲೆಯಲ್ಲಿ, ಇದು ಅಂಗಡಿಯ ಬೇರೆ ಯಾರದೋ ಕೆಲಸವಾಗಿರಲಿ ಎಂಬ ಆಸೆ ಉಳಿದಿತ್ತು. ಆ ಒಂದು ಮಾತಿಗೆ ಅದೂ ಹೋಯಿತು.

“ಯಾಕಣ್ಣ? ಅಂಗ್ಡಿಯಿಂದ ಅದನ್ನ ಕೇಳೋಕೆ ಬಂದ್ಯಾ?”

“ಈ ಕಡೆ ಬಂದಿದ್ದೆ, ಹಂಗೇ ಕೇಳ್ದೆ.” ಅವನ ಕಣ್ಣು ಬಿಚ್ಚಿದ ಯಂತ್ರದ ಮೇಲೆ, ಆಮೇಲೆ ಕವನಾಳ ಮೇಲೆ ಹರಿಯಿತು. “ಯಾರಮ್ಮ ನೀನು? ಯಾರ್ನ ಕೇಳ್ಕೊಂಡು ಬಿಚ್ಚಿದೀಯಾ?”

“ಮೇಡಂ ಕರೆಸಿದ್ರು ಸಾರ್.”

“ಮುಚ್ಚು ಅದನ್ನ. ರಿಪೇರಿಗೆ ನಮ್ಮೋರೇ ಅವ್ರೆ, ನಾನೇ ತಗೊಂಡೋಗಿ ಮಾಡಿಸ್ತೀನಿ. ನಿಂಗೆ ಬಂದ ಖರ್ಚು ಕೊಡ್ತೀನಿ, ಹೊರಡು.”

“ಸಾರ್, ಫೈಲ್ ಕಾಪಿ ಆಗ್ತಾ ಇದೆ. ಅರ್ಧಕ್ಕೆ ನಿಲ್ಸಕ್ಕಾಗಲ್ಲ.”

“ಹೊರಡು ಅಂದೆ.”

ಕವನಾಳ ಬಲಗೈ ತನ್ನ ಚೀಲದ ಪಟ್ಟಿಯನ್ನು ಬಿಗಿಹಿಡಿದಿತ್ತು, ಆದರೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. “ಇದು ಮೇಡಂ ಸಾಮಾನು ಸಾರ್. ಅವ್ರು ಹೇಳಿದ್ರೆ ಹೋಗ್ತೀನಿ.”

“ಅವ್ಳು ಹೋಗಲ್ಲ,” ಎಂದಳು ಶಶಿಕಲಾ. “ಎಲ್ಲಾ ನೋಡ್ದೆ ಅಣ್ಣ. ಆರು ಲಕ್ಷ ಫೋಟೋ. ಎಂಟು ತಿಂಗ್ಳು ನನ್ನ ಬೆನ್ನ ಹಿಂದೆ ನಿಂತ್ಕೊಂಡು ಓದಿದೀಯ.”

ನಾಗರಾಜು ಮೀಸೆಯ ಮೇಲಿನ ಬೆವರು ಒರೆಸಿಕೊಂಡ. ಆಮೇಲೆ ದನಿ ಏರಿಸಿದ.

“ಓದ್ದೆ, ಏನೀಗ? ಮನೆ ಸೇಫ್ಟಿಗೆ ಅಂತ ಹಾಕ್ಸಿದ್ದು. ಒಬ್ಬಳೇ ಇರ್ತೀಯ, ಯಾರ್ಯಾರೋ ಮೇಲ್ ಕಳಿಸ್ತಾರೆ, ಕಾಲ ಸರಿ ಇಲ್ಲ. ಒಳ್ಳೇದೇ ಆಯ್ತು. ನೀನು ಕದ್ದು ಲಾಯರಮ್ಮಂಗೆ ಬರ್ದಿದ್ದು ಗೊತ್ತಾಯ್ತಲ್ಲ! ಒಡಹುಟ್ಟಿದೋನ ಮೇಲೆ ಕೇಸ್ ಹಾಕೋಕೆ ಹೊರಟಿದ್ದೋಳು ನೀನು, ನಂಗೆ ಹೇಳ್ತೀಯಾ?”

“ಕೇಸಾ? ಎಲ್ಲಿ ಬರ್ದಿದೀನಿ ಕೇಸು ಅಂತ? ಓದಿದೀಯಲ್ಲ, ಹೇಳು. ಸಾಯೋಗಂಟ ಈ ಎರಡು ರೂಮಲ್ಲಿ ಇರ್ಬೋದಾ ಅಂತ ಕೇಳ್ದೆ. ಅಷ್ಟೇ ಕೇಳಿದ್ದು. ಅದನ್ನ ಓದಿ ನೀನು ಕೆಳಗಿಳಿದು ಬಂದು, ‘ಇರು ಕಣೇ, ಯಾರು ಬೇಡ ಅಂತಾರೆ’ ಅಂತ ಒಂದ್ ಮಾತು ಅಂದಿದ್ರೆ ಆಗೋಗ್ತಿತ್ತು. ಪೇಪರ್ ಓದ್ದೇನೇ ಸಹಿ ಹಾಕ್ತಿದ್ದೆ. ನೀನು ಡೇಟನ್ನೇ ಬೇಗ ಮಾಡಿಸ್ದೆ.”

ಚಾಪೆಯ ಮೇಲಿನ ಸದ್ದು ನಿಂತುಹೋಗಿತ್ತು. ಅಕ್ಕಯ್ಯಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದು ಮಗನ ಹಿಂದೆ ನಿಂತಳು.

“ನಿಲ್ಸು ಇದನ್ನ,” ಎಂದು ನಾಗರಾಜು ಕವನಾಳ ಕಡೆ ಬೆರಳು ಮಾಡಿದ. ಪರದೆಯ ಮೇಲೆ ಹಸಿರು ಪಟ್ಟಿ ಎಪ್ಪತ್ತಮೂರರಲ್ಲಿತ್ತು. “ಇನ್ನೊಬ್ಬರ ಮನೆ ವಿಷ್ಯ ತುಂಬ್ಕೊಂಡು ಎಲ್ಲಿಗೆ ಹೋಗ್ತೀಯಾ? ನಿಲ್ಸು.”

“ಅದು ಸ್ಕೂಲಿನ ಪುಸ್ತಕ ಸಾರ್, ಬೇರೆ ಏನೂ ಅಲ್ಲ...”

ಅವನು ಎರಡೇ ಹೆಜ್ಜೆಗೆ ಮೇಜಿನ ಬಳಿ ಬಂದ. ಶಶಿಕಲಾ ಅಡ್ಡ ನಿಂತಳು. ಅವಳ ತಲೆಯ ಮೇಲಿಂದ ಕೈ ಚಾಚಿ ಅವನು ಗೋಡೆಯ ಸ್ವಿಚ್ಚನ್ನು ಒತ್ತಿಯೇಬಿಟ್ಟ.

ಪರದೆ ಕಪ್ಪಾಯಿತು. ಫ್ಯಾನು ಸುಯ್ಯೆಂದು ಇಳಿದು ನಿಂತಿತು. ಕೋಣೆಯೊಳಗೆ ಹಠಾತ್ತನೆ ರಸ್ತೆಯ ತರಕಾರಿ ಗಾಡಿಯವನ ಕೂಗು ಕೇಳಿಸಿತು. ತಾನು ಮಾಡಿದ್ದು ನಾಗರಾಜುವಿಗೂ ಅನಿರೀಕ್ಷಿತವಾಗಿತ್ತೇನೋ, ಸ್ವಿಚ್ಚಿನ ಮೇಲಿನ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದ.

“ನಾಗ,” ಎಂದಳು ಅಕ್ಕಯ್ಯಮ್ಮ. “ಕೈ ತೆಗಿ. ಅದು ಅವಳ ಅನ್ನ.”

ಅವನು ತಾಯಿಯ ಕಡೆ ತಿರುಗಿದ. “ನಿಂಗೂ ಗೊತ್ತಿತ್ತಲ್ಲವ್ವ? ಹೇಳಿದ್ನಲ್ಲ ನಿಂಗೆ?”

ಶಶಿಕಲಾ ತಾಯಿಯನ್ನು ನೋಡಿದಳು. ಅಕ್ಕಯ್ಯಮ್ಮ ತಲೆ ಎತ್ತಲಿಲ್ಲ. “ಮಿಷನ್ನಿಗೆ ಏನೋ ಹಾಕ್ಸಿದೀನಿ, ಅವಳಿಗೆ ಒಳ್ಳೇದು ಅಂತ ನೀನಂದೆ. ಏನು ಅಂತ ನಾನು ಕೇಳ್ಲಿಲ್ಲ,” ಎಂದಳು. ಆಮೇಲೆ ಮೆಲ್ಲಗೆ, “ಕೇಳ್ಬೇಕಾಗಿತ್ತು,” ಎಂದಳು.

ನಾಗರಾಜು ಕೈ ತೆಗೆದ. “ಶುಕ್ರವಾರ ಒಂಬತ್ತೂವರೆಗೆ ಕಾರು ತರ್ತೀನಿ. ಎಲ್ಲಾ ಮುಗಿದ್ಮೇಲೆ ಮಾತಾಡೋಣ,” ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದ. ಬೈಕು ಎರಡು ಒದೆತಕ್ಕೂ ಹತ್ತಲಿಲ್ಲ, ಮೂರನೆಯದಕ್ಕೆ ಹತ್ತಿತು.

ಕವನಾ ಸ್ವಿಚ್ ಹಾಕಿದಳು. ಯಂತ್ರ ಗುರ್ ಎಂದಿತು. ಆಮೇಲೆ ಒಳಗಿನಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು. ಪರದೆಯ ಮೇಲೆ ಒಂದೇ ಒಂದು ಬಿಳಿ ಗೆರೆ ಮಿಟುಕುತ್ತಿತ್ತು. ಅವಳು ಮತ್ತೆ ಆರಿಸಿ ಹಾಕಿದಳು. ಮತ್ತೆ ಟಿಕ್, ಟಿಕ್.

“ಏನಾಯ್ತು?”

“ಹಳೇ ಡಿಸ್ಕ್ ಮೇಡಂ. ಬರೀತಿರೋವಾಗ ಕರೆಂಟ್ ಹೋದ್ರೆ ಒಂದೊಂದ್ಸಲ ಏಳಲ್ಲ.”

“ಕಾಪಿ ಆಗಿರೋದ್ರಲ್ಲಿ ಏನಿದೆ?”

ಕವನಾ ಹೊರಗಿನ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದಳು. ಫೋಟೋಗಳು ಬಂದಿದ್ದವು. ಪುಟ ಜೋಡಿಸಿದ ಮುಖ್ಯ ಫೈಲು ಬಂದಿರಲಿಲ್ಲ. ಒಂದೂವರೆ ತಿಂಗಳ ಕೆಲಸ. ಶಶಿಕಲಾ ಮಂಚದ ಅಂಚಿನಲ್ಲಿ ಕುಸಿದು ಕೂತಳು. ಅಳು ಬರಲಿಲ್ಲ. ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಒಂದು ಗಂಟೆಯಾಗಿತ್ತು.

ಕವನಾ ಮಾತ್ರ ಸುಮ್ಮನಿರಲಿಲ್ಲ. ಡಿಸ್ಕನ್ನು ಬಿಚ್ಚಿ ತೆಗೆದು, ಅಂಗೈಯಲ್ಲಿಟ್ಟುಕೊಂಡು ನೋಡಿದಳು. “ಕುದೀತಿದೆ. ಸ್ವಲ್ಪ ಆರ್ಲಿ. ಅಲ್ಲೀವರ್ಗೂ ಹೊಸದನ್ನ ರೆಡಿ ಮಾಡ್ತೀನಿ.” ಕಬ್ಬಿಣದ ಬಿಲ್ಲೆಯಂಥ ಆ ಡಿಸ್ಕನ್ನು ಫ್ಯಾನಿನ ಕೆಳಗೆ ನೆಲದ ಮೇಲಿಟ್ಟು, ಅಂಗೈಯಗಲದ ಹೊಸದನ್ನು ಯಂತ್ರದೊಳಗೆ ಕೂರಿಸಿದಳು. ಅಕ್ಕಯ್ಯಮ್ಮ ಎರಡು ತಟ್ಟೆಗಳಲ್ಲಿ ಉಪ್ಪಿಟ್ಟು ತಂದಿಟ್ಟು, ಮಗಳ ಮುಖ ನೋಡದೆ ಹೋದಳು. ಶಶಿಕಲಾ ಅದನ್ನು ಮುಟ್ಟಲಿಲ್ಲ. ಕವನಾ ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಕೆಲಸ ಮಾಡಿದಳು.

ಎರಡು ಗಂಟೆಯ ಹೊತ್ತಿಗೆ ಹೊಸ ಡಿಸ್ಕಿನ ಮೇಲೆ ಯಂತ್ರ ಎದ್ದಿತ್ತು. ಕವನಾ ಹಳೆಯ ಡಿಸ್ಕನ್ನು ಎತ್ತಿ, ಬೇರೆ ಕೇಬಲ್ಲಿಗೆ ಸಿಕ್ಕಿಸಿ, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಟಿಕ್, ಟಿಕ್. ತೆಗೆದಳು. ಅದನ್ನು ಬೋರಲು ಮಾಡಿ ಹಿಡಿದು ಮತ್ತೆ ಜೋಡಿಸಿದಳು. ಟಿಕ್. ಸದ್ದು ನಿಂತಿತು. ಒಳಗೆ ಏನೋ ಸಣ್ಣಗೆ ತಿರುಗತೊಡಗಿತು.

“ಅಲ್ಲಾಡಿಸ್ಬೇಡಿ ಮೇಡಂ, ಮೇಜಿಗೆ ಕೈಯೂರ್ಬೇಡಿ,” ಎಂದು ಪಿಸುಗುಟ್ಟಿದಳು. ಫೋಲ್ಡರ್ ತೆರೆದುಕೊಂಡಿತು. ಮುಖ್ಯ ಫೈಲೊಂದನ್ನೇ ಎಳೆದಳು. ಹನ್ನೆರಡು. ಮೂವತ್ತು. ಐವತ್ತರಲ್ಲಿ ನಿಂತಿತು. ಕವನಾ ಎರಡೂ ಕೈಗಳಲ್ಲಿ ಡಿಸ್ಕನ್ನು ಹಕ್ಕಿಮರಿಯಂತೆ ಹಿಡಿದು ಕೂತಿದ್ದಳು. ಮತ್ತೆ ಹೊರಟಿತು. ಎಂಬತ್ತು. ತೊಂಬತ್ತೊಂದು. ಪಟ್ಟಿ ತುಂಬಿ ಮಾಯವಾಯಿತು. ಅದನ್ನೂ ಫೋಟೋಗಳನ್ನೂ ಕವನಾ ಯಂತ್ರದ ಹೊಸ ಡಿಸ್ಕಿಗೆ ಹಾಕಿಕೊಟ್ಟಳು.

ಶಶಿಕಲಾ ಕುರ್ಚಿ ಎಳೆದುಕೊಂಡು ಕೂತಳು. ಫೈಲಿನ ಮೇಲೆ ಒತ್ತಿದಳು, ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಏಳಲು ಹೋದಳು. ಏಳುವ ಮುಂಚೆಯೇ ಮೊದಲ ಪುಟ ಎದುರಿಗಿತ್ತು. ಎರಡೂಕಾಲಿಂದ ನಾಲ್ಕರತನಕ ಅವಳು ತಲೆಯೆತ್ತಲಿಲ್ಲ. ನೂರ ಅರವತ್ತೈದು ಪುಟಗಳನ್ನು ತಿದ್ದಿ, ತನ್ನ ಫೋನಿನ ನೆಟ್ಟಿನಿಂದಲೇ ಕಳಿಸಿದಾಗ ನಾಲ್ಕು ಹತ್ತು. ಹತ್ತು ನಿಮಿಷ ತಡವಾಗಿದ್ದಕ್ಕೆ ಶ್ರೀಶೈಲ ಫೋನಿನಲ್ಲಿ ಗೊಣಗಿದ, ಆಮೇಲೆ “ಬಂತು, ಬಿಡಿ,” ಎಂದ.

ಆ ವೇಳೆಗಾಗಲೇ ಕವನಾ ಎರಡು ಕಡೆಯಿಂದ ಫೋನ್ ಬಂದು ಹೊರಟುಹೋಗಿದ್ದಳು. ಹೋಗುವ ಮುಂಚೆ ಹಳೆಯ ಡಿಸ್ಕನ್ನು ದಿನಪತ್ರಿಕೆಯಲ್ಲಿ ಸುತ್ತಿ ಶಶಿಕಲಾಳ ಪಕ್ಕದಲ್ಲಿಟ್ಟು, “ಮತ್ತೆ ಚಾಲೂ ಮಾಡೋಕೆ ಹೋಗ್ಬೇಡಿ. ಬೇಕಾದಾಗ ನನ್ನ ಕರೀರಿ, ನಾನೇ ಬಂದು ತೆಗೀತೀನಿ,” ಎಂದಿದ್ದಳು.

ಬುಧವಾರ ಬೆಳಿಗ್ಗೆ ಶಶಿಕಲಾ ಬಸ್ಸು ಹತ್ತಿ ಬಸವೇಶ್ವರನಗರಕ್ಕೆ ಹೋಗಿ ವಕೀಲೆ ಬಸವರಾಜೇಶ್ವರಿಯನ್ನು ಕಂಡಳು. ಅಲ್ಲಿ ಒಂದು ಗಂಟೆ ಕೂತಿದ್ದಳು. ಗುರುವಾರ, ಮೇಲಿನಿಂದ ದಿನವೂ ಬರುತ್ತಿದ್ದ ಸಾರಿನ ಬಟ್ಟಲು ಬರಲಿಲ್ಲ. ಅಕ್ಕಯ್ಯಮ್ಮ ಸಂಜೆ ಒಮ್ಮೆ ಮಗಳ ಕೋಣೆಯ ಬಾಗಿಲಿಗೆ ಬಂದು ನಿಂತು, “ಊಟ ಮಾಡೇ,” ಎಂದಳು. “ಮಾಡ್ತೀನಿ,” ಎಂದಳು ಮಗಳು. ಅಷ್ಟೇ.

ಶುಕ್ರವಾರ ಒಂಬತ್ತೂವರೆಗೆ ನಾಗರಾಜು ಬಿಳಿ ಅಂಗಿ ತೊಟ್ಟು ಕಾರನ್ನು ಗೇಟಿನ ಮುಂದೆ ನಿಲ್ಲಿಸಿದ. ಅಕ್ಕಯ್ಯಮ್ಮ ರೇಷ್ಮೆಯಂಚಿನ ಸೀರೆಯುಟ್ಟು, ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ತಾಯಿ ಹೋಗಿ ಕೂತದ್ದನ್ನು ಕಿಟಕಿಯಿಂದ ನೋಡಿದ ಶಶಿಕಲಾ ಮನೆಯ ಸೀರೆಯಲ್ಲೇ, ಬರಿಗಾಲಲ್ಲಿ ಗೇಟಿಗೆ ಬಂದಳು.

“ನಾನು ಬರಲ್ಲ ಅಣ್ಣ. ಮೂರು ಭಾಗ ಮಾಡೋಣ. ಅವ್ವಂದು, ನಿಂದು, ನಂದು. ಪೇಪರ್ ನಿಮ್ಮ ವಕೀಲ್ರ ಹತ್ರನೇ ಬರೆಸು, ನಮ್ಮೋರು ನೋಡ್ತಾರೆ.”

“ಶಶಿ, ಕೂತ್ಕೋ. ಟೈಮ್ ಮೀರತ್ತೆ. ಆ ಲೈನು ಸೇರಿಸ್ಬೇಕು ತಾನೆ? ದಾರೀಲಿ ಸೇರಿಸೋಣ.”

“ಅದು ಮಂಗಳವಾರದವರ್ಗೂ ಸಾಕಾಗಿತ್ತು.”

ಅವನು ಸ್ಟೇರಿಂಗ್ ಹಿಡಿದುಕೊಂಡು ಅವಳನ್ನೇ ನೋಡಿದ. “ಸರಿ. ಅವ್ವನ ಸಹಿಯಾದ್ರೂ ಇವತ್ತು ಆಗ್ಲಿ. ನೀನು ಆಮೇಲೆ ನೋಡ್ಕೊ, ಕೋರ್ಟಿಗೇ ಹೋಗು,” ಎಂದು ಗೇರ್ ಹಾಕಿದ.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅಕ್ಕಯ್ಯಮ್ಮ ಒಂದು ಕಾಲನ್ನು ಹೊರಗಿಟ್ಟಿದ್ದಳು. ನಾಗರಾಜು ಗಕ್ಕನೆ ಬ್ರೇಕ್ ಒತ್ತಿದ.

“ಅವ್ವಾ! ಏನು ಮಾಡ್ತಿದೀಯಾ?”

“ಮೊಣಕಾಲು ನೋಯ್ತದೆ ಕಣಪ್ಪ,” ಎಂದಳು ಅಕ್ಕಯ್ಯಮ್ಮ. “ಇನ್ನೊಂದಿನ ಹೋಗೋಣ. ಮೂರು ಜನಾನೂ ಒಟ್ಟಿಗೆ.”

ಎರಡನೇ ಕಾಲನ್ನು ಇಳಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಶಶಿಕಲಾ ಓಡಿಹೋಗಿ ರಟ್ಟೆ ಹಿಡಿದಳು. ತಾಯಿಯ ಮೇಲೆ ಅವಳಿಗೆ ಇನ್ನೂ ಕೋಪವಿತ್ತು, ಆದರೂ ಹಿಡಿದುಕೊಂಡಳು. ನಾಗರಾಜು ಎಂಜಿನ್ ಆರಿಸದೆ ಎಷ್ಟೋ ಹೊತ್ತು ಹಾಗೇ ಕೂತಿದ್ದು, ಆಮೇಲೆ ಒಬ್ಬನೇ ಅಂಗಡಿಯ ಕಡೆ ಹೊರಟ.

ಆ ಇನ್ನೊಂದು ದಿನ ಬರಲು ಒಂಬತ್ತು ತಿಂಗಳು ಬೇಕಾಯಿತು. ನಡುವೆ ನೋಟಿಸುಗಳು ಹೋದವು, ನೆಂಟರು ಬಂದು ಪಂಚಾಯಿತಿ ಮಾಡಿದರು, ಅತ್ತಿಗೆಯ ಬಾಯಿಂದ ಕೇಳಬಾರದ ಮಾತುಗಳನ್ನು ಕೇಳಬೇಕಾಯಿತು. ಕೊನೆಗೆ ವಿಭಾಗ ಪತ್ರವಾಯಿತು. ನೆಲಮಹಡಿ ಮತ್ತು ಹಿಂದಿನ ರಸ್ತೆಯ ಒಂದು ನಿವೇಶನ ಶಶಿಕಲಾಳ ಹೆಸರಿಗೆ ಬಂದವು. ಸಹಿಯ ದಿನ ಕಚೇರಿಯಲ್ಲಿ ಅಣ್ಣ ತಂಗಿ ಒಂದೇ ಬೆಂಚಿನಲ್ಲಿ ಕೂರಬೇಕಾಗಿ ಬಂತು. ನಡುವೆ ಅಕ್ಕಯ್ಯಮ್ಮ ತೂಕಡಿಸುತ್ತಿದ್ದಳು. ನಾಗರಾಜು ಎದ್ದು ಹೋಗಿ ಮೂರು ಟೀ ತಂದ. ಒಂದನ್ನು ತಂಗಿಯ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು.